ಕಲ್ಪನಾ ಕಿರುಚಿದ್ದು ಕೊನೆಗೆ

ಈ ಸಲದ ಚೌತಿಯಲ್ಲಿ ನಮ್ಮ ಉಡುಪಿಯ ಒಂದು ಪೆಂಡಾಲಿನಲ್ಲಿ ಮಿಮಿಕ್ರಿಯವನೊಬ್ಬ ‘ಶರಪಂಜರ’ ಸಿನಿಮಾದ ನಟಿ ಕಲ್ಪನಾ ಅವರನ್ನು ಮಾಡಿ ತೋರಿಸಿದ. ತಲೆ ಕೆದರಿಕೊಂಡು, ಕಣ್ಣು ಅಗಲಿಸಿ, ಗಂಟಲು ಹರಿಯುವ ಹಾಗೆ ಒಂದು ನಗು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಗಲು ಹೊರಟವನು, ಪಕ್ಕದಲ್ಲಿ ಅಮ್ಮ ಕೂತಿರುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಮಿನುಗುತಾರೆ ಎಂದು ಮೆರೆಸಿದವರೂ ನಾವೇ, ಇಡೀ ಬದುಕಿನ ದುಡಿಮೆಯನ್ನು ಒಂದು ಕಿರುಚಾಟಕ್ಕೆ ಇಳಿಸಿದವರೂ ನಾವೇ. ದಕ್ಷಿಣ ಕನ್ನಡದಲ್ಲಿ ಶರತ್‌ಲತಾ ಆಗಿ ಹುಟ್ಟಿದ ಕಲ್ಪನಾ 1963ರಲ್ಲಿ ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಿಂದ ಬೆಳ್ಳಿತೆರೆಗೆ ಬಂದವರು. (ಉಡುಪಿಯ ಕಲ್ಪನಾ ಟಾಕೀಸು ಅವರದೇ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ. ಟಿಕೆಟಿನ ಕಿಂಡಿಯೊಳಗೆ ಇಣುಕಿದ್ದೂ ಉಂಟು.) 1967ರಲ್ಲಿ ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’. ಆಸ್ತಿ ಕೈತಪ್ಪಿತೆಂದು ತನ್ನನ್ನು ಬಿಟ್ಟ ಮೋಹನ ಗಾಯಗೊಂಡು ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನೇ ಮದುವೆಗೆ ಬಂದಾಗ ಒಲ್ಲೆ ಎನ್ನುತ್ತಾಳೆ. ಆ ನಿರಾಕರಣೆಯಲ್ಲಿ ಸೇಡಿನ ಕಾವಿಲ್ಲ. ಅಷ್ಟು ತಣ್ಣಗೆ ನಟಿಸುವುದು ಎಷ್ಟು ಕಷ್ಟವೆಂದು ಮಿಮಿಕ್ರಿಯವರಿಗೆ ಯಾರು ಹೇಳಬೇಕು? ರಾಜ್ಯ ಪ್ರಶಸ್ತಿ ಮೂರು ಸಲ ಬಂತು: ‘ಬೆಳ್ಳಿಮೋಡ’ಕ್ಕೆ, ‘ಹಣ್ಣೆಲೆ ಚಿಗುರಿದಾಗ’ಕ್ಕೆ, ‘ಶರಪಂಜರ’ಕ್ಕೆ. ಮೂರಕ್ಕೂ ತ್ರಿವೇಣಿಯವರ ಕಾದಂಬರಿಗಳೇ ಆಧಾರ.

‘ಶರಪಂಜರ’ ಹುಚ್ಚಿಯ ಕಥೆ ಎನ್ನುವವರು ಸಿನಿಮಾವನ್ನು ಮತ್ತೊಮ್ಮೆ ನೋಡಬೇಕು. ನನ್ನ ಮಟ್ಟಿಗೆ ಅದು ವಾಸಿಯಾದವಳ ಕಥೆ. ಹೆರಿಗೆಯ ನಂತರ ಮನಸ್ಸು ಕೆಟ್ಟು, ಚಿಕಿತ್ಸೆ ಪಡೆದು, ಕಾವೇರಿ ಮನೆಗೆ ಮರಳುತ್ತಾಳೆ. ಅವಳು ಸರಿಯಾಗಿದ್ದಾಳೆ, ಆದರೆ ಸುತ್ತಲಿನವರ ನೋಟ ಬದಲಾಗಿದೆ. ನಕ್ಕರೆ ಅನುಮಾನ, ಸಿಟ್ಟು ಬಂದರೆ ಇನ್ನೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ಹೋಗಿದೆ. ಆ ಹೊತ್ತಿನ ಕಲ್ಪನಾ ಅವರ ಮುಖ ನೋಡಿ: ತಾನು ಸರಿಯಿದ್ದೇನೆ ಎಂದು ಗಳಿಗೆಗೊಮ್ಮೆ ರುಜುವಾತು ಮಾಡಬೇಕಾದವಳ ಮುಖ. ಕಿರುಚಾಟ ಬರುವುದು ಅದೆಲ್ಲ ಮುಗಿದ ಮೇಲೆ.

ಅವರ ನಟನೆ ಅತಿಯಾಯಿತು ಎನ್ನುವವರಿದ್ದಾರೆ. ಕೆಲವು ಚಿತ್ರಗಳಲ್ಲಿ ಹೌದು, ನನಗೂ ಹಾಗನ್ನಿಸಿದೆ. ಆದರೆ ಕಾವೇರಿಯ ವಿಷಯದಲ್ಲಿ ನಾನು ಜಗ್ಗುವುದಿಲ್ಲ. ಯಾಕೆಂದರೆ ಆ ಮುಖವನ್ನು ನಾನು ನಮ್ಮ ಮನೆಯ ಜಗಲಿಯಲ್ಲಿ ನೋಡಿದ್ದೇನೆ.

ದೊಡ್ಡಮ್ಮ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ಬಂದ ವರ್ಷವದು. ಮೊದಲಿನಂತೆಯೇ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಇಪ್ಪತ್ತೈದರ ಕಟ್ಟು, ನೂಲು ಬಿಗಿದರೆ ಒಂದು ಬೀಡಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆದರೂ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ಯುವ ಮೊದಲು ಅಮ್ಮ ಅಡುಗೆಮನೆಯಲ್ಲಿ ಕೂತು ಒಂದೊಂದು ಕಟ್ಟನ್ನೂ ಮತ್ತೆ ಎಣಿಸುತ್ತಿದ್ದಳು. ಬಂದವರು ದೊಡ್ಡಮ್ಮನ ಎದುರಿಗೇ “ಈಗ ಹೇಗುಂಟು ಅವಳಿಗೆ?” ಎಂದು ಅಮ್ಮನನ್ನು ಕೇಳುತ್ತಿದ್ದರು. ದೊಡ್ಡಮ್ಮ ಎಲೆ ಕತ್ತರಿಸುವುದನ್ನು ನಿಲ್ಲಿಸದೆ ಸಣ್ಣಗೆ ನಗುತ್ತಿದ್ದರು, ಹೆಚ್ಚು ನಕ್ಕರೆ ಎಲ್ಲಿ ಸುದ್ದಿಯಾಗುತ್ತದೋ ಎಂಬ ಎಚ್ಚರದಲ್ಲಿ.

ಒಂದು ಸಂಜೆ ಟಿವಿಯಲ್ಲಿ ‘ಶರಪಂಜರ’ ಬಂತು. ಅಮ್ಮ ಗಡಬಡಿಸಿ ಆರಿಸಲು ಎದ್ದಳು. “ಇರಲಿ ಬಿಡು” ಎಂದರು ದೊಡ್ಡಮ್ಮ. ಕೊನೆಯವರೆಗೂ ನೋಡಿದರು. ನಾವು ಸಿನಿಮಾ ಬಿಟ್ಟು ಅವರನ್ನು ನೋಡುತ್ತಿದ್ದೆವು. ಮುಗಿದ ಮೇಲೆ, “ಎಂಥ ಚಂದದ ಸೀರೆಗಳು ಅವಳದು” ಎಂದು ಗೆರಸೆ ಎತ್ತಿಟ್ಟು ಗಂಜಿ ಬಿಸಿ ಮಾಡಲು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅಮ್ಮ ಕಟ್ಟುಗಳನ್ನು ಎಣಿಸಿದಳು.