ಸತ್ಯಾಂಶ: ಬೇಸಿಗೆಯಲ್ಲಿ ಹಸುಗೂಸಿಗೆ ನೀರು ಕುಡಿಸಬೇಕಾ?

"ಬಿಸಿಲು ಜಾಸ್ತಿ, ಎದೆಹಾಲಿನ ಜೊತೆ ಮಗುವಿಗೆ ದಿನಾ ನಾಲ್ಕು ಚಮಚ ನೀರು ಕುಡಿಸಿ" ಎನ್ನುವ ಸಂದೇಶ ಬೇಸಿಗೆ ಬಂದರೆ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಆರು ತಿಂಗಳು ತುಂಬದ ಮಗುವಿಗೆ ಇದು ಬೇಡ.

ಎದೆಹಾಲಿನಲ್ಲಿ ಶೇ. 85ಕ್ಕೂ ಜಾಸ್ತಿ ನೀರೇ ಇರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿಗೂ ಅದು ಸಾಕು. ಸೆಕೆಗೆ ಮಗು ಇನ್ನೂ ನಾಲ್ಕು ಸಲ ಹಾಲು ಕೇಳಬಹುದು, ಕೊಟ್ಟರಾಯಿತು. ಕೂಸಿನ ಹೊಟ್ಟೆ ಪುಟ್ಟದು. ಅದರಲ್ಲಿ ನೀರು ತುಂಬಿದರೆ ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ಮಗು ಚೀಪುವುದು ಕಡಿಮೆಯಾದರೆ ತಾಯಿಗೆ ಹಾಲು ಬರುವುದೂ ಇಳಿಯುತ್ತದೆ. ನೀರು ಶುದ್ಧವಾಗಿಲ್ಲದಿದ್ದರೆ ಭೇದಿ. ತೀರಾ ಜಾಸ್ತಿ ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಉಂಟು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ: ಮೊದಲ 6 ತಿಂಗಳು ಎದೆಹಾಲು ಮಾತ್ರ. ಡಾಕ್ಟರು ಬರೆದುಕೊಟ್ಟ ಔಷಧಿ, ಓಆರ್‌ಎಸ್, ವಿಟಮಿನ್ ಹನಿ ಬೇರೆ ಮಾತು.

ನಿಜವಾಗಿ ನೀರು ಬೇಕಿರುವುದು ತಾಯಿಗೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಉಲ್ಟಾ. ಮಗುವಿಗೆ ಶೀತ ಆಗುತ್ತೆ ಅಂತ ಬಾಣಂತಿಗೆ ನೀರನ್ನು ಅಳೆದು ಕೊಡುತ್ತಾರೆ! ಹಾಗೇನೂ ಆಗುವುದಿಲ್ಲ. ಬಾಯಾರಿದಷ್ಟು ಕುಡಿಯಲಿ.

ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಎಂದರ್ಥ. ಅದು ಕಡಿಮೆಯಾಗಿ ಮಗು ಮಂಕಾಗಿ ಕಂಡರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.