ಯೇಸುವಿನ ಕರುಣೆ ಮತ್ತು ನಮ್ಮ ಕಂಬಳಿ ಹಂಚುವ ಫೋಟೋಗಳು

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯ ನಮ್ಮ ಕ್ರೈಸ್ತ ಬಂಧುಗಳ ಫೇಸ್‌ಬುಕ್ ಪುಟಗಳಲ್ಲಿ ಒಂದೇ ಬಗೆಯ ಚಿತ್ರ ಕಾಣಿಸತೊಡಗುತ್ತದೆ. ಕಂಬಳಿಯ ಒಂದು ತುದಿಯನ್ನು ನಾಲ್ಕೈದು ದಾನಿಗಳು ಹಿಡಿದಿರುತ್ತಾರೆ, ಇನ್ನೊಂದು ತುದಿ ಒಬ್ಬ ಮುದುಕಿಯ ಕೈಯಲ್ಲಿರುತ್ತದೆ, ಎಲ್ಲರ ಕಣ್ಣೂ ಕ್ಯಾಮೆರಾದ ಮೇಲಿರುತ್ತದೆ. ಕೆಳಗೆ, ಯೇಸುಸ್ವಾಮಿಯ ಕರುಣೆಯನ್ನು ಹಂಚಿಕೊಂಡೆವು ಎಂಬ ಒಕ್ಕಣೆ. ಕಂಬಳಿ ಕೊಟ್ಟದ್ದಕ್ಕೆ ನನ್ನ ಆಕ್ಷೇಪವಿಲ್ಲ, ಚಳಿಗಾಲದಲ್ಲಿ ಅದು ಬೇಕೇಬೇಕು. ನನ್ನ ತಕರಾರಿರುವುದು ಆ ಒಕ್ಕಣೆಯ ಬಗ್ಗೆ.

ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ, ಕಿವಿ ಕೇಳದ, ಮಾತು ತೊದಲುವ ಒಬ್ಬ ಮನುಷ್ಯನನ್ನು ಜನರು ಯೇಸುವಿನ ಬಳಿಗೆ ಕರೆತಂದು, ಇವನ ಮೇಲೆ ಕೈಯಿಡಬೇಕೆಂದು ಬೇಡಿಕೊಳ್ಳುತ್ತಾರೆ. ಅಲ್ಲಿಯೇ, ನೆರೆದವರ ಕಣ್ಣೆದುರಿಗೇ, ಅವನನ್ನು ಗುಣಪಡಿಸಬಹುದಿತ್ತು. ಆದರೆ ಯೇಸು ಅವನನ್ನು ಗುಂಪಿನಿಂದ ಪ್ರತ್ಯೇಕವಾಗಿ ಕರೆದುಕೊಂಡು ಹೋಗುತ್ತಾನೆ. ಅವನ ಕಿವಿಗಳಲ್ಲಿ ಬೆರಳಿಡುತ್ತಾನೆ, ನಾಲಗೆಯನ್ನು ಮುಟ್ಟುತ್ತಾನೆ, ಆಕಾಶದ ಕಡೆಗೆ ನೋಡಿ ನಿಟ್ಟುಸಿರು ಬಿಡುತ್ತಾನೆ. ಕಿವಿ ಕೇಳದವನಿಗೆ ಮಾತಿನಿಂದ ಏನು ಹೇಳಿದರೂ ತಿಳಿಯದಷ್ಟೆ. ಹಾಗಾಗಿ ಈಗ ಏನು ನಡೆಯುತ್ತಿದೆ ಎಂಬುದನ್ನು ಬೆರಳಿನಿಂದಲೇ ಅವನಿಗೆ ತಿಳಿಸಿದಂತೆ ನನಗೆ ತೋರುತ್ತದೆ. ಜೀವನವಿಡೀ ಜನರು ಬಾಯಿ ನೋಡಿ ನಕ್ಕಿರಬಹುದಾದ ಒಬ್ಬನ ಮೊದಲ ಮಾತು ಸಂತೆಯ ನಡುವೆ ಹೊರಡಬಾರದೆಂಬ ಎಚ್ಚರ ಅಲ್ಲಿದೆ. ಆಮೇಲೆ, ಇದನ್ನು ಯಾರಿಗೂ ಹೇಳಬೇಡಿರಿ ಎಂಬ ಅಪ್ಪಣೆಯೂ ಆಗುತ್ತದೆ. ಜನ ಕೇಳಲಿಲ್ಲ, ಅದು ಬೇರೆ ಮಾತು.

ಅದೇ ಸುವಾರ್ತೆಯ ಮೊದಲನೆಯ ಅಧ್ಯಾಯದ ಕುಷ್ಠರೋಗಿಯ ಪ್ರಸಂಗ ಇನ್ನೂ ತೀಕ್ಷ್ಣವಾದದ್ದು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಯಾಜಕಕಾಂಡದ ನಿಯಮದಂತೆ ಅಂಥವನು ಪಾಳೆಯದ ಹೊರಗೆ ವಾಸಿಸಬೇಕು, ತಾನು ಅಶುದ್ಧನೆಂದು ತಾನೇ ಕೂಗಬೇಕು. ಯೇಸು ಕನಿಕರಪಟ್ಟು ಮೊದಲು ಅವನನ್ನು ಮುಟ್ಟುತ್ತಾನೆ, ರೋಗ ಹೋಗುವುದು ಅನಂತರ. ಇಲ್ಲಿಯೂ ಯಾರಿಗೂ ಹೇಳಬೇಡವೆಂಬ ಮಾತಿದೆ. ಗುಣವಾದವನು ಊರೆಲ್ಲ ಸಾರುತ್ತಾನೆ. ಪರಿಣಾಮವಾಗಿ ಯೇಸುವಿಗೇ ಬಹಿರಂಗವಾಗಿ ಊರೊಳಗೆ ಬರಲಾಗದೆ ನಿರ್ಜನ ಸ್ಥಳಗಳಲ್ಲಿ ಇರಬೇಕಾಗುತ್ತದೆ. ಹೊರಗಿದ್ದವನು ಒಳಗೆ ಬಂದ, ಒಳಗಿದ್ದವನು ಹೊರಗುಳಿದ. ಕರುಣೆಗೆ ಬೆಲೆ ತೆತ್ತವನು ಕೊಟ್ಟವನೇ ಹೊರತು ಪಡೆದವನಲ್ಲ. ನಮ್ಮ ಫೋಟೋದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸನ್ನು ಯೇಸು ಎಲ್ಲರ ಮುಂದೆ ಕರೆದನಲ್ಲ ಎಂದು ಸತ್ಯವೇದ, ಅಂದರೆ ಬೈಬಲ್, ಬಲ್ಲವರು ಕೇಳಬಹುದು, ಕೇಳಲೇಬೇಕು. ಆಕೆ ಗುಟ್ಟಾಗಿ ಯೇಸುವಿನ ಬಟ್ಟೆ ಮುಟ್ಟಿ ಗುಣವಾಗಿ ಹೋಗುತ್ತಿದ್ದಳು, ಅವನೇ ನಿಲ್ಲಿಸಿದ. ಆದರೆ ರಕ್ತಸ್ರಾವದಿಂದಾಗಿ ನಿಯಮದಂತೆ ಆಕೆಗೆ ಅಂಟಿದ ಅಶುದ್ಧಿ ಊರಿಗೆಲ್ಲ ಗೊತ್ತಿದ್ದ ಸಂಗತಿಯಾಗಿದ್ದಿರಬೇಕು. ಗುಟ್ಟಾಗಿ ಗುಣವಾದರೆ ಊರು ನಂಬುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಕೇಳುವಂತೆ ಆಕೆಯನ್ನು ಮಗಳೇ ಎಂದು ಕರೆದ. ಸುವಾರ್ತೆಗಳಲ್ಲಿ ಅವನು ಹೀಗೆ ಕರೆದ ಹೆಂಗಸು ಇವಳೊಬ್ಬಳೇ. ಒಬ್ಬನಿಗೆ ಮರೆ ಬೇಕಿತ್ತು, ಇನ್ನೊಬ್ಬಳಿಗೆ ಸಾಕ್ಷಿ ಬೇಕಿತ್ತು. ಎರಡು ಕಡೆಯೂ ನಿರ್ಧಾರವಾದದ್ದು ಎದುರಿಗಿದ್ದವರ ಮಾನದ ದೃಷ್ಟಿಯಿಂದ. ಯೆರಿಕೋವಿನ ಕುರುಡ ಬಾರ್ತಿಮಾಯನನ್ನಂತೂ, ನಾನು ನಿನಗೆ ಏನು ಮಾಡಬೇಕೆನ್ನುತ್ತೀ ಎಂದು ಕೇಳಿಯೇ ಮುಂದುವರಿಯುತ್ತಾನೆ. ಕಂಬಳಿ ಬೇಕೋ, ಮಾತ್ರೆಯ ದುಡ್ಡು ಬೇಕೋ ಎಂದು ಆ ಮುದುಕಿಯನ್ನು ನಾವು ಯಾರಾದರೂ ಕೇಳಿದ್ದೇವೆಯೇ?

ಕ್ಯಾಲೆಂಡರಿನ ಯೇಸುವಿನ ತಿಳಿಗಣ್ಣು, ಹೆಗಲ ಮೇಲಿನ ಕುರಿಮರಿ ನೋಡಿ ಈ ಸೌಮ್ಯತೆಯನ್ನು ನಾವು ಬರಿಯ ಮೆತ್ತಗಿನ ಸ್ವಭಾವವೆಂದು ತಿಳಿದುಬಿಟ್ಟಿದ್ದೇವೆ. ಕೈ ಬತ್ತಿದವನನ್ನು ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಗುಣಪಡಿಸಿದರೆ ತಪ್ಪು ಹೊರಿಸಬೇಕೆಂದು ಹೊಂಚುಹಾಕಿ ಕುಳಿತವರನ್ನು ಅದೇ ಯೇಸು ಕೋಪದಿಂದ ಸುತ್ತ ನೋಡಿದನೆಂದು ಮಾರ್ಕನೇ ಬರೆದಿದ್ದಾನೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಆ ಮಿಷನರಿಗಳೂ ದಾನಿಗಳಿಗಾಗಿ ವರದಿ ಬರೆದರು, ಫೋಟೋ ಕಳಿಸಿದರು. ಹಾಗಾಗಿ ಈ ಚಾಳಿ ಹೊಸದೆಂದು ನಾನು ಹೇಳಲಾರೆ. ಆದರೆ ಬೆಟಗೇರಿಯ ಜನರ ಬಾಯಲ್ಲಿ ಇಂದಿಗೂ ಉಳಿದಿರುವುದು ಆ ವರದಿಗಳಲ್ಲ, ಮಿಷನ್ ನಡೆಸಿದ ಜರ್ಮನ್ ಆಸ್ಪತ್ರೆ. ಆಸ್ಪತ್ರೆಯಲ್ಲಿ ರೋಗಿಯನ್ನು ತಪಾಸಣೆ ಮಾಡುವ ಮುಂಚೆ ಪರದೆ ಎಳೆಯುತ್ತಾರೆ.

ದುಡ್ಡು ಕೊಟ್ಟವರಿಗೆ ಪುರಾವೆ ಬೇಡವೇ ಎಂದು ನಮ್ಮ ಚರ್ಚಿನ ಸಭೆಯ ಹಿರಿಯರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಎಷ್ಟು ಕಂಬಳಿ ಕೊಂಡೆವು, ಯಾವ ಅಂಗಡಿಯಲ್ಲಿ, ಯಾವ ದರಕ್ಕೆ, ಎಷ್ಟು ಮನೆಗೆ ತಲುಪಿತು ಎಂಬ ಪಟ್ಟಿಯನ್ನು ರಸೀದಿ ಸಮೇತ ಭಾನುವಾರದ ಆರಾಧನೆಯ ನಂತರ ಸಭೆಯ ಮುಂದೆ ಓದಬಹುದು, ಬಾಗಿಲಲ್ಲಿ ಅಂಟಿಸಲೂಬಹುದು. ಈ ಕ್ರಿಸ್ಮಸ್‌ಗೆ ನಮ್ಮ ಸಭೆಯಲ್ಲಿ ಹಾಗೆ ಮಾಡೋಣವೆಂದು ಕಮಿಟಿಗೆ ಪತ್ರ ಬರೆದಿದ್ದೇನೆ. ಒಪ್ಪಿದರೆ ಕಂಬಳಿಗಳನ್ನು ಸಂಜೆ ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ನಾನೂ ಬರುತ್ತೇನೆ.