ಫೈಲಿನ ಗುರುತಿಗೆ ಹ್ಯಾಶ್ ಸಾಕೇ?

ಪರ: ಹೆಸರನ್ನು ನಂಬಬೇಡಿ

ಫೈಲಿನ ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಒಳಗೆ ಬರೆದಿರುವ ಆವೃತ್ತಿ ಸಂಖ್ಯೆಯನ್ನೂ ತಿದ್ದಬಹುದು. ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕಹಾಕಿ ತೆಗೆಯುವ, ಬೆರಳಚ್ಚಿನಂಥ ಸಾಲು) ಹಾಗಲ್ಲ. ಒಂದೇ ಒಂದು ಬಿಟ್ ಬದಲಾದರೂ 64 ಅಕ್ಷರಗಳ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಹಳೇ ಸರ್ವರ್ ಇತ್ತು. ಕಟ್ಟಿದವರು ಯಾರೂ ಉಳಿದಿರಲಿಲ್ಲ. ಅದರಲ್ಲಿ ‘ಯುಟಿಲ್-ನ್ಯೂ-ಫೈನಲ್’ ಎಂಬ ಜಾರ್ ಫೈಲು, ಅಂದರೆ ಜಾವಾ ಕೋಡಿನ ಗಂಟು. ಮುಟ್ಟಲು ಎಲ್ಲರಿಗೂ ಭಯ. ನಾನು ಅದರ ಎಸ್‌ಎಚ್‌ಎ-1 (ಹಳೇ ಬಗೆಯ ಹ್ಯಾಶ್) ತೆಗೆದು, ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮಾವೆನ್ ಸೆಂಟ್ರಲ್‌ನಲ್ಲಿ ಹುಡುಕಿದೆ. ತಕ್ಷಣ ಜಾತಕ ಹೊರಬಿತ್ತು: ಕಾಮನ್ಸ್ ಕಲೆಕ್ಷನ್ಸ್ ಎಂಬ ಲೈಬ್ರರಿಯ 3.2.1 ಆವೃತ್ತಿ. ಹೊರಗಿನವರು ಸರ್ವರಿನಲ್ಲಿ ತಮಗೆ ಬೇಕಾದ ಕಮಾಂಡ್ ಓಡಿಸಬಹುದು ಎಂದು 2015ರಲ್ಲಿ ದೊಡ್ಡ ಗದ್ದಲವಾಯಿತಲ್ಲ, ಅದಕ್ಕೆ ಸಿಕ್ಕಿಬಿದ್ದ ಆವೃತ್ತಿಗಳಲ್ಲಿ ಇದೂ ಒಂದು! ತೆಗೆದು 3.2.2 ಹಾಕಿದೆವು. ಮ್ಯಾನೇಜರು ಮಾತ್ರ “ಇಷ್ಟು ದಿನ ಸುಮ್ನೆ ನಡೀತಿತ್ತಲ್ವಾ” ಎಂದು ಗೊಣಗುತ್ತಲೇ ಇದ್ದರು.

ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಗೊತ್ತಿರುವ ಸಾಫ್ಟ್‌ವೇರ್ ಫೈಲುಗಳ ಹ್ಯಾಶ್ ಪಟ್ಟಿಯನ್ನೇ ಇಟ್ಟಿದೆ. ಜಪ್ತಿಯಾದ ಡಿಸ್ಕನ್ನು ತನಿಖೆ ಮಾಡುವವರು ಅದರ ಜೊತೆ ತಾಳೆ ನೋಡಿ, ಮಾಮೂಲಿ ಸಿಸ್ಟಮ್ ಫೈಲುಗಳನ್ನು ಬದಿಗೆ ಸರಿಸುತ್ತಾರೆ. ಹೆಸರು ನೋಡಿ ಈ ಕೆಲಸ ಮಾಡಿ, ನೋಡೋಣ.

ಎಸ್‌ಎಚ್‌ಎ-1 ಮುರಿದುಬಿತ್ತು ಎಂದು ಕೆಲವರು ಬೇರೆಬೇರೆಯಾಗಿದ್ದೂ ಒಂದೇ ಹ್ಯಾಶ್ ಇರುವ 2017ರ ಎರಡು ಪಿಡಿಎಫ್‌ಗಳನ್ನು ಇಂದಿಗೂ ತೋರಿಸುತ್ತಾರೆ. ಎರಡು ಪಿಡಿಎಫ್‌ಗೆ ಹೆದರುವವರು ಕಂಪ್ಯೂಟರ್ ಆಫ್ ಮಾಡಿ ಮಲಗಲಿ.

ವಿರೋಧ: ‘ಹೆಚ್ಚುಕಡಿಮೆ ಅದೇ’ ಎಂಬುದು ಅದಕ್ಕೆ ಗೊತ್ತಿಲ್ಲ

ವಿರೋಧ ಬರೆಯುವ ಪಾಳಿ ನನ್ನದು. ಹ್ಯಾಶ್ ನಾನೂ ದಿನಾ ಬಳಸುತ್ತೇನೆ, ಬೇಡವೇ ಬೇಡ ಎನ್ನಲಾರೆ. ಆದರೆ ಅದು ಹೇಳುವುದು ‘ಅದೇ’ ಅಥವಾ ‘ಅದಲ್ಲ’, ಅಷ್ಟೇ.

2023ರ ಜನವರಿಯಲ್ಲಿ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಸೋರ್ಸ್ ಕೋಡನ್ನು ಕಂಪ್ರೆಸ್ ಮಾಡುವ ವಿಧಾನ ಬದಲಾಯಿತು. ಒಳಗಿನ ಕೋಡ್ ಒಂದಕ್ಷರವೂ ಬದಲಾಗಿರಲಿಲ್ಲ, ಕಂಪ್ರೆಸ್ ಆದ ಫೈಲಿನ ಹ್ಯಾಶ್ ಮಾತ್ರ ಬದಲಾಯಿತು. ಹ್ಯಾಶ್ ತಾಳೆಯಾಗದೆ ಎಷ್ಟೋ ಜನರ ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ಕೈಕೊಟ್ಟವು. ಕೊನೆಗೆ ಗಿಟ್‌ಹಬ್ ಹಳೇ ವಿಧಾನಕ್ಕೇ ಮರಳಿತು.

ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ದೊಡ್ಡ ಭದ್ರತಾ ದೋಷ ಸಿಕ್ಕ 2021ರ ಗಲಾಟೆಯಲ್ಲಿ ಇದರ ಉಲ್ಟಾ. ಆ ಲೈಬ್ರರಿಯನ್ನು ತಮ್ಮದೇ ಜಾರ್ ಒಳಗೆ ಬಿಚ್ಚಿ ಸೇರಿಸಿಕೊಂಡ ಅಪ್ಲಿಕೇಶನ್‌ಗಳು ಬೇಕಾದಷ್ಟಿದ್ದವು. ಮೂಲ ಜಾರ್‌ನ ಹ್ಯಾಶ್ ಹಿಡಿದು ಹುಡುಕಿದರೆ ಅವು ಸಿಗುವುದೇ ಇಲ್ಲ.

ಇನ್ನು 2024ರ ಎಕ್ಸ್‌ಝಡ್, ಫೈಲು ಕಂಪ್ರೆಸ್ ಮಾಡುವ ಸಾಫ್ಟ್‌ವೇರ್. ಕಳ್ಳಬಾಗಿಲು ಇದ್ದದ್ದು ಅಧಿಕೃತವಾಗಿ ಬಿಡುಗಡೆಯಾದ 5.6.0 ಮತ್ತು 5.6.1ರಲ್ಲೇ. ಹಾಗಾಗಿ ಹ್ಯಾಶ್ ಸರಿಯಾಗಿಯೇ ತಾಳೆಯಾಗುತ್ತಿತ್ತು. ಗುಟ್ಟು ಬಯಲಾದದ್ದು, ದೂರದ ಸರ್ವರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ಜಾಸ್ತಿ ತಗೊಳ್ತಿದೆಯಲ್ಲ ಎಂದು ಒಬ್ಬ ಎಂಜಿನಿಯರ್ ಕೆದಕಿದ್ದರಿಂದ.